ಮೂರನೇ ಸ್ಥಾನದ ಮೇಷ್ಟ್ರು

ನಮ್ಮ ಮನೆಯ ಹಜಾರದಲ್ಲಿ, ಗಡಿಯಾರದ ಕೆಳಗೆ, ಗಾಜು ಹಾಕಿಸಿದ ಒಂದು ಪ್ರಮಾಣಪತ್ರ ಇದೆ. ಅಂಚು ಹಳದಿಗಟ್ಟಿದೆ, ಒಂದು ಮೂಲೆಗೆ ಜಿರಳೆ ಬಾಯಿ ಹಾಕಿದೆ. ಆದರೂ 'ಪ್ರೌಢಶಾಲೆಗಳ ಗುಡ್ಡಗಾಡು ಓಟ, ತೃತೀಯ ಸ್ಥಾನ' ಎಂಬ ಅಕ್ಷರಗಳು ಇನ್ನೂ ಚೆನ್ನಾಗಿ ಕಾಣುತ್ತವೆ. ಕಾಣದೆ ಏನು, ತಿಂಗಳಿಗೊಮ್ಮೆ ಬಟ್ಟೆ ಹಿಡಿದು ನಾನೇ ಒರೆಸುತ್ತೇನೆ. ಹೈಸ್ಕೂಲಿನಲ್ಲಿದ್ದಾಗ ಗೌರಿಬಿದನೂರಿನ ಕಡೆ, ನಮ್ಮೂರಿನ ಹತ್ತಿರದ ಒಂದು ಗುಡ್ಡ ಹತ್ತಿ ಇಳಿದು ಸಂಪಾದಿಸಿದ್ದು. ಹೆಣ್ಣು ನೋಡಲು ಹೋದಾಗಲೂ ಈ ವಿಷಯ ಹೇಳಿದ್ದೆ. ಹೆಣ್ಣಿನ ಕಡೆಯವರು "ಹೌದಾ" ಎಂದು ಉಪ್ಪಿಟ್ಟಿನ ತಟ್ಟೆ ಮುಂದಕ್ಕೆ ತಳ್ಳಿದರು. ಆ ಹೆಣ್ಣೇ ಈಗ ನನ್ನ ಹೆಂಡತಿ. ಆ ಗಾಜನ್ನು ಅವಳು ಒಂದು ಸಲವೂ ಒರೆಸಿಲ್ಲ.

ಆ ಕಾಗದ ಹೇಳದೆ ಬಿಟ್ಟ ಒಂದು ಸಂಗತಿ ಇದೆ. ಇಷ್ಟು ವರ್ಷ ಅದನ್ನು ನಾನೂ ಯಾರಿಗೂ ಹೇಳಿರಲಿಲ್ಲ. ಹೋದ ವರ್ಷ ಒಂದು ರೇಷ್ಮೆ ಹುಳದ ಮನೆಯಲ್ಲಿ, ಯಾರದೋ ಲುಂಗಿ ಉಟ್ಟುಕೊಂಡು ಕೂತಿದ್ದಾಗ, ಹೇಳಬೇಕಾಯಿತು.

ನಾನು ಶಿಡ್ಲಘಟ್ಟದ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮಲ್ಲಿ ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಎಷ್ಟು ಕಾಲವಾಯಿತೋ, ಸ್ಟೋರ್ ರೂಮಿನಲ್ಲಿ ಗಾಳಿ ಹೋಗಿ ಬಿದ್ದಿರುವ ವಾಲಿಬಾಲನ್ನೇ ಕೇಳಬೇಕು. ಎರಡು ವರ್ಷದ ಹಿಂದೆ ಸ್ಟಾಫ್ ರೂಮಿನಲ್ಲಿ ಮಾತಿಗೆ ಮಾತು ಬಂದು, ನನ್ನ ತೃತೀಯ ಸ್ಥಾನದ ಕಥೆಯನ್ನು ಇನ್ನೊಂದು ಸಲ ಬಿಚ್ಚಿದೆ. ಗುಡ್ಡದ ಎತ್ತರ ಆ ಸಲ ಸ್ವಲ್ಪ ಜಾಸ್ತಿಯೇ ಆಗಿತ್ತು ಅನ್ನಿ. ಮುಖ್ಯೋಪಾಧ್ಯಾಯಿನಿ ಕಾಫಿ ಲೋಟ ಕೆಳಗಿಟ್ಟು, ಮೇಜಿನ ಡ್ರಾ ಎಳೆದು, ಒಂದು ವಿಷಲ್ ತೆಗೆದು ನನ್ನ ಮುಂದಿಟ್ಟರು.

"ಇಷ್ಟ್ ದಿನ ಯಾಕ್ ಸಾರ್ ಬಾಯ್ ಮುಚ್ಕೊಂಡಿದ್ರಿ? ಇನ್ಮೇಲೆ ಮಕ್ಕಳ್ನ ಓಡ್ಸೋದು ನಿಮ್ ಕೆಲ್ಸ."

ನಾನು ಬಾಯಿ ಮುಚ್ಚಿಕೊಂಡು ಎಂದೂ ಇದ್ದವನಲ್ಲ, ಅದೇ ನನ್ನ ಕಷ್ಟ. ಸಂಜೆ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸಿ, ಓಡುವುದು ಹೇಗೆ ಅಂತ ನಾನೇ ಓಡಿ ತೋರಿಸಿದೆ. ಮೈದಾನ ಒಂದು ಸುತ್ತು ಅಂದುಕೊಂಡು ಹೊರಟವನಿಗೆ ಅರ್ಧ ಸುತ್ತಿನ ಬೇವಿನ ಮರ ಬರುವ ಹೊತ್ತಿಗೆ ಎದೆಯಲ್ಲಿ ತಮಟೆ ಬಡಿಯತೊಡಗಿತು. ಶೂ ಲೇಸು ಬಿಚ್ಚಿಹೋಗಿದೆ ಎನ್ನುವಂತೆ ಮರದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತೆ. ಎದ್ದು ನಿಂತ ಮೇಲೆ ಗೊತ್ತಾಯಿತು, ಅವತ್ತು ನಾನು ಹಾಕಿದ್ದು ಲೇಸಿಲ್ಲದ ಶೂ. ಮಕ್ಕಳು ಯಾರೂ ನಗಲಿಲ್ಲ. ನಮ್ಮ ಶಾಲೆಯ ಮಕ್ಕಳು ಬಹಳ ಒಳ್ಳೆಯವರು ಎಂದು ಆಗ ಅಂದುಕೊಂಡೆ.

ಅಂದಿನಿಂದ ನಾನು ಓಡಲಿಲ್ಲ, ಓಡಿಸಿದೆ. ದಿನಾ ಬೆಳಿಗ್ಗೆ ಆರಕ್ಕೆ ಬೈಕಿನಲ್ಲಿ ಹಳ್ಳಿಗೆ ಹೋಗುವುದು, ಓಡುವ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಹಾರನ್ ಹೊಡೆದು ಮನೆಯಿಂದ ಎಬ್ಬಿಸಿಕೊಂಡು ಬರುವುದು, ಹಿಪ್ಪುನೇರಳೆ ತೋಟಗಳ ನಡುವಿನ ಮಣ್ಣು ದಾರಿಯಲ್ಲಿ ಊರ ಹಿಂದಿನ ಗುಡ್ಡದ ತನಕ ಅವರ ಪಕ್ಕ ಬೈಕ್ ಓಡಿಸುತ್ತ ವಿಷಲ್ ಊದುವುದು. ಗುಡ್ಡದ ಬುಡದಲ್ಲಿ ಬೈಕ್ ನಿಲ್ಲಿಸಿ ಬಂಡೆಯ ಮೇಲೆ ಕೂರುತ್ತಿದ್ದೆ. ಅವರು ಹತ್ತಿ ಇಳಿದು ಬರುವವರೆಗೆ ಕೆಳಗಿನಿಂದಲೇ ಕೂಗುತ್ತಿದ್ದೆ. "ಕೈ ಆಡ್ಸಮ್ಮ, ಕೈ! ಕಾಲು ತಾನಾಗೇ ಬರುತ್ತೆ!" ಇದನ್ನು ಎಲ್ಲೋ ಮೊಬೈಲಿನಲ್ಲಿ ನೋಡಿ ಕಲಿತಿದ್ದೆ. ನನಗೆ ಗೊತ್ತಿದ್ದ ಓಟದ ವಿದ್ಯೆ ಪೂರ್ತಿ ಅಷ್ಟೇ.

ಆ ಮಕ್ಕಳಲ್ಲಿ ಒಬ್ಬಳು ಹುಡುಗಿ. ರೇಷ್ಮೆ ಹುಳು ಸಾಕುವ ಮನೆಯವಳು. ಬೆಳಿಗ್ಗೆ ನಾನು ಹೋಗುವ ಹೊತ್ತಿಗಾಗಲೇ ತೋಟದಿಂದ ಸೊಪ್ಪಿನ ಹೊರೆ ಹೊತ್ತು ತಂದು ಮನೆಗೆ ಹಾಕಿ, ಕೂದಲಲ್ಲಿ ಎಲೆಚೂರು ಅಂಟಿಸಿಕೊಂಡೇ ಬಂದು ನಿಲ್ಲುತ್ತಿದ್ದಳು. ಮಾತು ಕಮ್ಮಿ. ಗುಡ್ಡ ಕಂಡರೆ ಉಳಿದವರು ಮುಖ ಹುಳ್ಳಗೆ ಮಾಡಿದರೆ ಇವಳು ತಲೆ ತಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಟ್ಟುಕೊಂಡು, ಎರಡೂ ಕೈ ಮೈಗೆ ಒತ್ತಿಕೊಂಡು ಹತ್ತಿಬಿಡುತ್ತಿದ್ದಳು. ಕೈ ಆಡಿಸು ಎಂದು ನಾನು ಎಷ್ಟು ಅರಚಿದರೂ ಅಷ್ಟೆ. ಒಂಬತ್ತನೇ ಕ್ಲಾಸಿನಲ್ಲಿ ತಾಲ್ಲೂಕಿಗೇ ಮೊದಲು ಬಂದಳು. ಜಿಲ್ಲೆಯ ಓಟದಲ್ಲಿ ಮೊದಲ ಮೂವರೊಳಗೆ ಬಂದರೆ ವಿಭಾಗ ಮಟ್ಟಕ್ಕೆ, ಬೇರೆ ಜಿಲ್ಲೆಗೆ ಕರೆದೊಯ್ಯುತ್ತಾರೆ.

"ಬೇರೆ ಜಿಲ್ಲೆ ಅಂದ್ರೆ ರೈಲಲ್ಲಾ ಸಾರ್?" ಎಂದು ಕೇಳಿದ್ದಳು. ಅವಳು ನನ್ನನ್ನು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು. "ರೈಲೇ ಕಣಮ್ಮ" ಎಂದೆ. ನನಗೇನು ಗೊತ್ತಿತ್ತು? ಹೇಳಿಬಿಟ್ಟೆ.

ಆ ವರ್ಷ ಜಿಲ್ಲೆಯ ಓಟಕ್ಕೆ ಅವಳು ಬರಲೇ ಇಲ್ಲ. ಅವತ್ತೇ ಮನೆಯಲ್ಲಿ ಹುಳು ಹಣ್ಣಾಗಿದ್ದವು. ತಿಂಗಳಿಡೀ ಸೊಪ್ಪು ತಿಂದ ಹುಳು ಕೊನೆಗೊಂದು ದಿನ ತಿನ್ನುವುದು ಬಿಟ್ಟು, ಮೈ ಹಳದಿಯಾಗಿ, ಗೂಡು ಕಟ್ಟಲು ಜಾಗ ಹುಡುಕಿ ತಲೆ ಎತ್ತುತ್ತದೆ. ಅದಕ್ಕೇ ಹಣ್ಣಾಗುವುದು ಅನ್ನುತ್ತಾರೆ. ಆ ದಿನ ಮನೆಯವರೆಲ್ಲ ಕೂತು ಒಂದೊಂದೇ ಹುಳು ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಅಗಲ ತಟ್ಟಿಗೆ ಸುರುಳಿಯಾಗಿ ಪಟ್ಟಿ ಹೆಣೆದಿರುತ್ತಾರೆ, ಅದು ಚಂದ್ರಿಕೆ, ಹುಳು ಗೂಡು ಕಟ್ಟುವ ಜಾಗ. ತಡವಾದರೆ ಹುಳು ಸೊಪ್ಪಿನ ಮೇಲೇ ನೂಲು ಸುತ್ತಿ ಹಾಳುಮಾಡುತ್ತದೆ. ಕೂಲಿಗೆ ಯಾರೂ ಸಿಗುವುದಿಲ್ಲ, ಯಾಕೆಂದರೆ ಊರಿಗೆಲ್ಲ ಮರಿಹುಳು ಬರುವುದು ಒಟ್ಟಿಗೇ, ಹಣ್ಣಾಗುವುದೂ ಒಟ್ಟಿಗೇ. ಹುಡುಗಿ ಸೋಮವಾರ ಶಾಲೆಗೆ ಬಂದಾಗ ನಾನು ಬಾಯಿಗೆ ಬಂದ ಹಾಗೆ ಬೈದೆ. ಅವಳು ನಿಂತು ಬೈಸಿಕೊಂಡಳು. ಆಮೇಲೆ ಸಂಕಟವಾಯಿತು. ಆದರೆ ಮೇಷ್ಟ್ರಾದವನು ಸಂಕಟವನ್ನು ಹೊರಗೆ ತೋರಿಸಬಾರದು ಎಂಬ ಕೊಬ್ಬಿತ್ತು ನನಗೆ.

ಹೋದ ವರ್ಷ ಅವಳು ಹತ್ತನೇ ಕ್ಲಾಸು. ಮತ್ತೆ ತಾಲ್ಲೂಕಿಗೆ ಮೊದಲು ಬಂದಳು. ಪ್ರೌಢಶಾಲೆಯ ಓಟ ಓಡಲು ಅದೇ ಕೊನೆಯ ಅವಕಾಶ. ಈ ಸಲ ಬಿಡಬಾರದು ಎಂದು ನಾನು ವಾರ ಮೊದಲೇ ಅವರ ಮನೆಗೆ ಹೋಗಿ ಅಪ್ಪನನ್ನು ಹಿಡಿದೆ. ಅವರು ಬೆರಳು ಮಡಿಸಿ ಲೆಕ್ಕ ಹಾಕಿದರು. "ಓಟ ಶನಿವಾರ ತಾನೆ ಸಾರ್? ನಮ್ ಹುಳ ಹಣ್ಣಾಗೋದು ಭಾನುವಾರ ಸಾಯಂಕಾಲ. ಕರ್ಕೊಂಡ್ ಹೋಗಿ."

ನಾನು ಗೆದ್ದೆ ಅಂದುಕೊಂಡೆ. ಚಿಕ್ಕಬಳ್ಳಾಪುರಕ್ಕೆ ಹೋಗಿ ನೀಲಿ ಬಣ್ಣದ ಟ್ರ್ಯಾಕ್ ಸೂಟ್ ತಂದೆ. ಮಕ್ಕಳಿಗಲ್ಲ, ನನಗೆ. ಮುಕ್ತಾಯದ ಗೆರೆಯ ಹತ್ತಿರ ಸ್ಟಾಪ್ ವಾಚ್ ಹಿಡಿದು ನಿಲ್ಲುವ ಕೋಚ್ ಹೇಗಿರಬೇಕು ಎಂದು ಮನೆಯ ಕನ್ನಡಿಯ ಮುಂದೆ ಎರಡು ಸಲ ನಿಂತು ನೋಡಿಕೊಂಡೆ. ಹೆಂಡತಿ ಬಾಗಿಲಲ್ಲಿ ನಿಂತು, "ಹೊಟ್ಟೆ ಒಳಗೆ ಎಳ್ಕೊಳಿ, ಫೋಟೋದಲ್ಲಿ ಅದೊಂದೇ ಬರುತ್ತೆ" ಅಂದಳು.

ಟ್ರ್ಯಾಕ್ ಸೂಟಿನ ಜೊತೆ ನೋವಿನ ಸ್ಪ್ರೇಯ ಇನ್ನೊಂದು ಡಬ್ಬಿಯೂ ತಂದಿದ್ದೆ. ಅದರ ಮೇಲೆ ನನಗೆ ವಿಪರೀತ ವ್ಯಾಮೋಹ. ಓಟ ಮುಗಿಸಿ ಬಂದ ಮಕ್ಕಳ ಕಾಲಿಗೆ ಬುಸ್ಸೆಂದು ಹೊಡೆದರೆ ನಾನೂ ಏನೋ ಮಾಡಿದೆ ಅನ್ನಿಸುತ್ತಿತ್ತು. ಈ ಹುಡುಗಿ ಮಾತ್ರ ಡಬ್ಬಿ ಕಂಡರೆ "ಬೇಡ ಸಾರ್" ಎಂದು ಮಾರು ದೂರ ಸರಿಯುತ್ತಿದ್ದಳು. ನಾಚಿಕೆ ಪಾಪ ಅಂದುಕೊಂಡಿದ್ದೆ. ಶುಕ್ರವಾರ ಸಂಜೆ, ಓಟದ ಹಿಂದಿನ ದಿನ, ಅಭ್ಯಾಸ ಮುಗಿದ ಮೇಲೆ ಅವಳೇ ಬಂದು ಕಟ್ಟೆಯ ಮೇಲೆ ಕೂತು ಎರಡೂ ಕಾಲು ಚಾಚಿದಳು.

"ನಂಗೂ ಹೊಡೀರಿ ಸಾರ್."

ಅಬ್ಬಾ, ಕೊನೆಗೂ ವಿಜ್ಞಾನಕ್ಕೆ ಒಪ್ಪಿದಳು ಎಂದು ಹಿಗ್ಗಿ, ಮಂಡಿಯಿಂದ ಪಾದದವರೆಗೆ ಹೊಡೆದೆ. "ಇನ್ನೊಂಚೂರು" ಅಂದಳು. ಡಬ್ಬಿ ಖಾಲಿಯಾಗುವ ತನಕ ಹೊಡೆದೆ.

ಮಾರನೇ ದಿನ ಬೆಳಿಗ್ಗೆ ಆರೂವರೆಗೆ ಶಾಲೆಯ ಮುಂದೆ ಟೆಂಪೊ ಬಂದು ನಿಂತಿತ್ತು. ಉಳಿದ ಹುಡುಗಿಯರು ಹತ್ತಿ ಕೂತಿದ್ದರು. ಜೊತೆಗೆ ಹಿಂದಿ ಮೇಡಂ. ಅವರು ಶಿಡ್ಲಘಟ್ಟದ ಪೇಟೆಯವರು, ಮನೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸ. ಹುಡುಗಿಯರ ಜೊತೆ ಒಬ್ಬರು ಶಿಕ್ಷಕಿ ಇರಲೇಬೇಕು ಎಂದು ಅವರನ್ನು ಒಪ್ಪಿಸಿದ್ದೆ. ನಮ್ಮ ಹುಡುಗಿ ಮಾತ್ರ ಇಲ್ಲ. ಏಳು ಗಂಟೆಯಾದರೂ ಇಲ್ಲ. ನಾನು ಹಿಂದಿ ಮೇಡಂ ಕಡೆ ತಿರುಗಿದೆ.

"ನಿನ್ನೆ ಚೆನ್ನಾಗೇ ಇದ್ಲಲ್ಲ ಮೇಡಂ. ಕಾಲಿಗೆ ಸ್ಪ್ರೇ ಬೇರೆ ಹೊಡ್ದು ಕಳ್ಸಿದ್ದೆ."

ಮೇಡಂ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಹುಳದ ಮನೆ ಹುಡ್ಗಿಗೆ ಸ್ಪ್ರೇ ಹೊಡದ್ರಾ? ಅದೂ ಹಣ್ಣಾಗೋ ವಾರದಲ್ಲಿ? ಏನ್ ಸಾರ್ ನೀವು, ವಿಜ್ಞಾನದೋರು!"

ಹುಳದ ಮನೆಗೆ ಘಾಟು ವಾಸನೆ ಆಗದು. ಬಾಮು, ಸ್ನೋ, ಪೌಡರು, ಊದುಬತ್ತಿ, ಬೀಡಿ, ಒಗ್ಗರಣೆ ಹೊಗೆ, ಯಾವುದೂ ಕೂಡದು. ಹುಳು ಮೇವು ಬಿಡುತ್ತದೆ, ಗೂಡು ಕಟ್ಟದೆ ಸಾಯುತ್ತದೆ ಎಂದು ಹೆದರುತ್ತಾರೆ. ಆ ಸೀಮೆಯಲ್ಲಿ ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತು. ನಾನು ಜೋಳದ ಸೀಮೆಯಿಂದ ಬಂದವನು. ಶಿಡ್ಲಘಟ್ಟದಲ್ಲಿ ಹದಿನಾಲ್ಕು ವರ್ಷ ಬಾಡಿಗೆಗಿದ್ದು, ಪ್ರತಿ ವರ್ಷ ಕರಿಹಲಗೆಯ ಮೇಲೆ ರೇಷ್ಮೆ ಹುಳುವಿನ ಜೀವನಚಕ್ರ ಬರೆದು, ಅದಕ್ಕೆ ನಾಲ್ಕು ಅಂಕವನ್ನೂ ಕೊಡುವ ನಾನು, ಒಂದು ದಿನವೂ ಹುಳದ ಮನೆಯ ಹೊಸಿಲು ದಾಟಿದವನಲ್ಲ.

ಬೈಕು ಹತ್ತಿ ಹುಡುಗಿಯ ಮನೆಗೆ ಓಡಿದೆ. ಅವಳು ಅಂಗಳದ ಆಚೆ, ಹಸುವಿನ ಗೊಂತಿನ ಹತ್ತಿರ ಒಂದು ಕಲ್ಲಿನ ಮೇಲೆ ಕೂತಿದ್ದಳು. ಓಟದ ಶೂ ಹಾಕಿ ಲೇಸು ಬಿಗಿದು ಕಟ್ಟಿದ್ದಳು. ಹಿಂದಿನ ಸಂಜೆಯಿಂದ ಅವಳನ್ನು ಮನೆಯೊಳಕ್ಕೆ ಬಿಟ್ಟಿರಲಿಲ್ಲವಂತೆ, ಎದುರು ಮನೆಯಲ್ಲಿ ಮಲಗಿದ್ದಳಂತೆ. ಮನೆಯ ಪಕ್ಕದ ಶೆಡ್ಡಿನ ಬಾಗಿಲಲ್ಲಿ ಅಪ್ಪ ನಿಂತಿದ್ದರು. ಹುಳು ಒಂದು ದಿನ ಮುಂಚೆಯೇ ಹಣ್ಣಾಗಿದ್ದವು. ಸೆಕೆ ಜಾಸ್ತಿಯಾಗಿ ಹಾಗಾಯಿತಂತೆ.

"ಏನ್ ಸಾರ್ ಹಿಂಗ್ ಮಾಡಿದ್ರಿ?" ಅಪ್ಪನ ದನಿಯಲ್ಲಿ ಸಿಟ್ಟಿಗಿಂತ ಸುಸ್ತು ಹೆಚ್ಚಿತ್ತು. "ಮೂರ್ ಮಂಚ ಹುಳ ಹಣ್ಣಾಗವೆ. ನಾನು, ನಮ್ಮೋಳು, ನಮ್ಮವ್ವ, ಮೂರೇ ಜನ. ಇವ್ಳಿದ್ದಿದ್ರೆ ನಾಕ್ ಜನ. ಈಗ ನೋಡಿದ್ರೆ ಹತ್ರ ಬರೋ ಹಂಗಿಲ್ಲ."

"ಹೆಂಗೂ ಒಳಗ್ ಬರೋ ಹಂಗಿಲ್ವಲ್ಲ," ನಾನು ಹೇಳಿದೆ, "ಓಟಕ್ಕಾದ್ರೂ ಕಳ್ಸಿ."

"ಚೆನ್ನಾಗ್ ಹೇಳ್ತೀರ! ಹೊರಗಿನ್ ಕೆಲ್ಸ ಯಾರ್ ಮಾಡ್ತಾರೆ? ಖಾಲಿ ಚಂದ್ರಿಕೆ ಬಿಸಿಲಿಗಿಡೋದು, ಹಸ ನೋಡ್ಕೊಳ್ಳೋದು, ಎದುರು ಮನೇಲಿ ಅಡಿಗೆ? ಒಂದ್ ಕೈ ಕಮ್ಮಿ ಆದ್ರೂ ಆಗಲ್ಲ ಸಾರ್ ಇವತ್ತು."

ಹುಡುಗಿ ನನ್ನನ್ನೇ ನೋಡಿದಳು. ಬೈಗುಳವಿರಲಿಲ್ಲ ಆ ನೋಟದಲ್ಲಿ, ಬೇಡಿಕೆಯೂ ಇರಲಿಲ್ಲ. ಲೆಕ್ಕ ಬರೆದುಕೊಟ್ಟು ಮೇಷ್ಟ್ರು ಯಾವಾಗ ಸರಿ ಹಾಕುತ್ತಾರೋ ಎಂದು ಮೇಜಿನ ಪಕ್ಕ ಕಾಯುವ ಮಕ್ಕಳು ಹಾಗೆ ನೋಡುತ್ತಾರೆ. ನನಗೆ ತಡೆಯಲಾಗಲಿಲ್ಲ.

"ಅವಳ ಬದ್ಲು ನಾನಿರ್ತೀನಿ ಬಿಡಿ" ಅಂದುಬಿಟ್ಟೆ.

ನಿಜ ಹೇಳುತ್ತೇನೆ, ಇದು ಬಾಯಿಮಾತಿಗೆ ಆಡಿದ್ದು. ನಮ್ಮ ಕಡೆ ಮೇಷ್ಟ್ರು ಹಾಗೆ ಅಂದರೆ "ಅಯ್ಯೋ, ಬಿಡ್ತು ಅನ್ನಿ ಸಾರ್, ನೀವ್ ಹುಳ ಮುಟ್ಟೋದಾ" ಎಂದು ಕೈ ಮುಗಿದು, ಮನಸ್ಸು ಕರಗಿ ಹುಡುಗಿಯನ್ನು ಕಳಿಸಿಕೊಡುತ್ತಾರೆ. ಅದೇ ನನ್ನ ಅಂದಾಜು. ಶೆಡ್ಡಿನ ಒಳಗಿಂದ ಮುದುಕಿಯೊಬ್ಬರ ದನಿ ಬಂತು.

"ಯಾರದು? ಮೇಷ್ಟ್ರಾ? ಮುಯ್ಯಿಗ್ ಬರ್ತಾರಂತಾ? ಬರ್ಲಿ ಬರ್ಲಿ. ಆ ಎಣ್ಣೆ ತಲೆ, ಪೌಡರ್ ಮುಖ ತೊಳ್ಕೊಂಡ್ ಬರಕ್ ಹೇಳ್ರಿ."

ಹುಡುಗಿಯ ಅಜ್ಜಿ. ಮುಯ್ಯಿ ಎಂದರೆ ಇವತ್ತು ನಾನು ನಿಮ್ಮ ಮನೆ ಕೆಲಸಕ್ಕೆ, ನಾಳೆ ನೀವು ನಮ್ಮ ಮನೆ ಕೆಲಸಕ್ಕೆ. ಆ ಊರಿನಲ್ಲಿ ಮುಯ್ಯಾಳು ಬರುತ್ತೇನೆ ಎಂದ ಮೇಲೆ ಹಿಂದೆ ಸರಿದವರಿಲ್ಲ. ಅಜ್ಜಿ ಮಾತು ಮುಗಿಸುವಷ್ಟರಲ್ಲಿ ಹುಡುಗಿ ಕಲ್ಲಿನಿಂದ ಎದ್ದು ನಿಂತಾಗಿತ್ತು. ನನ್ನ ಹಿಂದೆಯೇ ಹೊರಟಿದ್ದ ಟೆಂಪೊ ಬಂತು. ವಿಷಲ್ಲು, ಸ್ಟಾಪ್ ವಾಚು ಎರಡನ್ನೂ ಹಿಂದಿ ಮೇಡಂ ಕೈಗೆ ಕೊಟ್ಟೆ. ಅವರು ವಿಷಲ್ಲನ್ನು ಎರಡು ಬೆರಳಲ್ಲಿ ಹಿಡಿದು, "ನಂಗೆ ಊದಕ್ಕೆಲ್ಲ ಬರಲ್ಲಪ್ಪ" ಎಂದು ಹುಡುಗಿಯ ಕೊರಳಿಗೇ ಹಾಕಿದರು. ಟೆಂಪೊ ಧೂಳೆಬ್ಬಿಸಿಕೊಂಡು ಹೋಯಿತು. ನಾನು ನೀಲಿ ಟ್ರ್ಯಾಕ್ ಸೂಟಿನಲ್ಲಿ ಅಂಗಳದ ಮಧ್ಯೆ ಪೆಚ್ಚಾಗಿ ನಿಂತಿದ್ದೆ.

ಆ ಟ್ರ್ಯಾಕ್ ಸೂಟೂ ನಡೆಯಲಿಲ್ಲ. ಹೊಸ ಬಟ್ಟೆಯ ಘಾಟು ಎಂದು ಅಜ್ಜಿ ಬಿಚ್ಚಿಸಿದರು. ತೊಟ್ಟಿಯ ಹತ್ತಿರ ಸೋಪು ಹಾಕದೆ ಸ್ನಾನ ಮಾಡಿ, ಹುಡುಗಿಯ ಅಪ್ಪನ ಚೌಕಳಿ ಲುಂಗಿ ಉಟ್ಟು, ರೋಗ ಒಳಗೆ ಬಾರದಂತೆ ಹೊಸಿಲ ಮುಂದೆ ಹರಡಿದ್ದ ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಅಜ್ಜಿ ನನ್ನ ತಲೆಯ ಹತ್ತಿರ ಮೂಗು ತಂದು ಒಂದು ಸಲ ಮೂಸಿದರು. "ಊಂ, ಪರ್ವಾಗಿಲ್ಲ. ಕೂತ್ಕೊ ನಾಯ್ನಾ."

ಶೆಡ್ಡಿನ ಒಳಗೆ ತಂಪು, ಸೊಪ್ಪಿನ ವಾಸನೆ, ಸೊಪ್ಪು ಹಾಸಿ ಹುಳು ಮೇಯಿಸುವ ಉದ್ದನೆಯ ಮೂರು ಮಂಚ. ಅಜ್ಜಿ ಒಂದು ಹುಳುವನ್ನು ಅಂಗೈ ಮೇಲಿಟ್ಟು ಬೆಳಕಿಗೆ ಹಿಡಿದರು. "ನೋಡು, ಮೈಯೊಳಗೆ ಬೆಳಕು ಕಾಣ್ತೈತಲ್ಲ, ಇದು ಹಣ್ಣು. ಬೆಳ್ಳಗೆ ಮೊದ್ದಾಗಿದ್ರೆ ಕಾಯಿ. ಹಣ್ಣು ತಗಿ, ಕಾಯಿ ಬಿಡು. ಮೆತ್ತಗೆ, ಹಿಸುಕ್ಬೇಡ." ಕೇಳಲು ಎಷ್ಟು ಸುಲಭ! ನನ್ನ ಕಣ್ಣಿಗೆ ಎಲ್ಲವೂ ಹಣ್ಣೇ, ಸ್ವಲ್ಪ ಹೊತ್ತು ನೋಡಿದರೆ ಎಲ್ಲವೂ ಕಾಯಿಯೇ. ಕೈಗೆತ್ತಿಕೊಂಡ ಮೊದಲನೆಯ ಹುಳು ನನ್ನ ಅಂಗೈಯಲ್ಲೇ ನೀರು ಬಿಟ್ಟಿತು. ನಾನು ಹೌಹಾರಿ ಕೈ ಕೊಡವಿದೆ, ಅದು ಹೋಗಿ ಹುಡುಗಿಯ ಅಮ್ಮನ ಸೆರಗಿನ ಮೇಲೆ ಬಿತ್ತು. ಆಯಮ್ಮ ನಗು ತಡೆಯಲಾರದೆ ಗೋಡೆಯ ಕಡೆ ತಿರುಗಿ ಕೂತರು. ಅವರ ಕೈ ಹತ್ತು ಹುಳು ಆರಿಸುವಷ್ಟರಲ್ಲಿ ನನ್ನದು ಒಂದು. ಅದನ್ನೂ ಅಜ್ಜಿ ನನ್ನ ಚಂದ್ರಿಕೆಯಿಂದ ತೆಗೆದು ವಾಪಸ್ಸು ಹಾಕುತ್ತಿದ್ದರು.

ಹತ್ತು ಗಂಟೆಗೆ ಓಟ ಶುರು. ಮುದ್ದೇನಹಳ್ಳಿಯ ಕಡೆಯ ಬೆಟ್ಟದ ಬುಡದಿಂದ ಹೊರಟು, ಬಂಡೆಗಳ ನಡುವಿನ ಕಾಲುದಾರಿಯಲ್ಲಿ ಹತ್ತಿ, ಮೇಲೆ ನೆಟ್ಟ ಬಾವುಟ ಸುತ್ತಿ ಇಳಿಯಬೇಕು. ನನ್ನ ಕೈ ಹುಳುವಿನ ಮೇಲಿತ್ತು, ಜೀವವೆಲ್ಲ ಆ ಬೆಟ್ಟದ ಮೇಲಿತ್ತು. ಗೌರಿಬಿದನೂರಿನ ಹುಡುಗಿಯರು ಮೊಳೆ ಶೂ ತರುತ್ತಾರೆ, ಅವರಲ್ಲಿ ಕುಡುಮಲಕುಂಟೆಯ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವವರ ಮಗಳೊಬ್ಬಳು ಜಿಂಕೆಯ ಹಾಗೆ ಓಡುತ್ತಾಳೆ ಎಂದು ಕೇಳಿದ್ದೆ. ಚಿಂತಾಮಣಿಯವರಿಗೆ ಖುದ್ದು ಓಟಗಾರನೇ ಕೋಚು. ನಮ್ಮವಳಿಗೆ ನಾನು. ಕೈ ಆಡಿಸು ಎಂದು ಕೂಗಲೂ ನಾನಿಲ್ಲ.

"ಯಾಕೆ, ಕೈ ನಿಂತೋಯ್ತು?" ಅಜ್ಜಿ ಕೇಳಿದರು.

"ಎಲ್ಲಾ ನನ್ನಿಂದಾನೇ ಆಯ್ತು ಅಜ್ಜಿ. ಗೊತ್ತಿಲ್ದೆ ಸ್ಪ್ರೇ ಹೊಡೆದ್ಬಿಟ್ಟೆ. ಪಾಪ, ಆ ಹುಡ್ಗಿ ಬೇಡ ಅನ್ನಕ್ಕೂ ಆಗ್ದೆ..."

ಅಜ್ಜಿ ಕೈ ನಿಲ್ಲಿಸದೆ ನನ್ನ ಮುಖ ನೋಡಿದರು. "ಅವ್ಳು ಹುಟ್ಟಿದಾಗಿಂದ ಹುಳ ನೋಡಿರೋಳು ಮೇಷ್ಟ್ರೇ. ನಿನ್ನೆ ಬೆಳಿಗ್ಗೆ ಸೊಪ್ಪು ಹಾಕ್ವಾಗ ನಾಕು ಹುಳ ತಲೆ ಎತ್ತಿದ್ವು. ಮೊದ್ಲು ಕಂಡಿದ್ದೇ ಅವ್ಳು. ಸಾಯಂಕಾಲ ನಿಮ್ ಮುಂದೆ ಗೊತ್ತಿಲ್ದೇನಾ ಕಾಲು ಚಾಚಿದ್ಲು?"

 ಇನ್ನೊಂಚೂರು ಹೊಡೀರಿ ಸಾರ್ ಅಂದದ್ದು, ಬೆಳಿಗ್ಗೆ ಗೊಂತಿನ ಹತ್ತಿರ ಲೇಸು ಬಿಗಿದು ಕೂತದ್ದು, ನನ್ನನ್ನು ನೋಡಿದ ಆ ನೋಟ, ಎಲ್ಲ ಒಂದೊಂದಾಗಿ ತಲೆಗೆ ಹತ್ತಿತು. ವಿಜ್ಞಾನವೂ ಇಲ್ಲ, ಮಣ್ಣಂಗಟ್ಟಿಯೂ ಇಲ್ಲ. ಎರಡು ವರ್ಷ ನಾನು ಅವಳನ್ನು ತಯಾರು ಮಾಡುತ್ತಿದ್ದೇನೆ ಎಂದು ಮೀಸೆ ತಿರುವಿದ್ದೆ, ಅವಳು ಐದು ನಿಮಿಷದಲ್ಲಿ ನನ್ನನ್ನು ತಯಾರು ಮಾಡಿ ಈ ಲುಂಗಿಯಲ್ಲಿ ಕೂರಿಸಿದ್ದಳು.

"ಗೊತ್ತಿದ್ದೂ ಯಾಕಜ್ಜಿ ಬಿಟ್ರಿ?"

"ಹೋದ್ ವರ್ಷ ಇಲ್ಲೇ ಕೂತ್ಕೊಂಡು, ಕಣ್ಣಲ್ಲಿ ನೀರ್ ಹಾಕ್ಕೊಂಡು ಹುಳ ಆರಿಸಿದ್ಲು. ಅದು ನಂಗ್ ಇನ್ನೂ ಕಣ್ಮುಂದೆ ಐತೆ." ಅಜ್ಜಿ ಒಂದು ಹುಳುವನ್ನು ಬೆಳಕಿಗೆ ಹಿಡಿದು ನೋಡಿ ಚಂದ್ರಿಕೆಗೆ ಬಿಟ್ಟರು. ಆಮೇಲೆ, "ನೀವೂ ಓಡ್ತಿದ್ರಂತೆ? ಮೂರ್ನೇದು ಬಂದಿದ್ರಂತೆ?" ಎಂದು ಕೇಳಿದರು.

ಬೇರೆ ದಿನವಾಗಿದ್ದರೆ ಗುಡ್ಡ ಇನ್ನೊಂದಿಷ್ಟು ಎತ್ತರವಾಗುತ್ತಿತ್ತು. ಅವತ್ತು ಯಾಕೋ ಬಾಯಿಗೆ ಸುಳ್ಳು ಬರಲಿಲ್ಲ. ಲುಂಗಿ ಉಟ್ಟು, ಅಂಗೈಯಲ್ಲಿ ಹುಳು ಇಟ್ಟುಕೊಂಡು ಬಡಾಯಿ ಕೊಚ್ಚುವುದು ನನ್ನಂಥವನಿಗೂ ಕಷ್ಟ. ಇದ್ದದ್ದು ಇದ್ದ ಹಾಗೆ ಹೇಳಿದೆ. ಓಡಲು ಹೊರಟವರು ಹನ್ನೊಂದು ಹುಡುಗರು. ಗುಡ್ಡದ ಆಚೆ ಕಡೆ ಒಂದು ಕಡಲೆಕಾಯಿ ಹೊಲ, ಒಳ್ಳೇ ಬಲಿತ ಕಾಯಿ. ಇಬ್ಬರು ನೆಟ್ಟಗೆ ಓಡಿ ಹೋದರು. ಉಳಿದ ಒಂಬತ್ತು ಜನ ಹೊಲಕ್ಕೆ ನುಗ್ಗಿ, ಗಿಡ ಕಿತ್ತು ತಿನ್ನುತ್ತ ಕೂತೆವು. ಹೊಲದ ಯಜಮಾನ ಕೋಲು ಎತ್ತಿಕೊಂಡು ಬಂದ. ಎಂಟು ಜನ ಊರ ಕಡೆ ಓಡಿದರು. ನಾನು ಗಾಬರಿಯಲ್ಲಿ ದಿಕ್ಕು ತಪ್ಪಿ, ಮುಕ್ತಾಯದ ಗೆರೆ ಇದ್ದ ಕಡೆ ಓಡಿದೆ. ಯಜಮಾನ ನನ್ನ ಹಿಂದೆ. ಗೆರೆಯ ಹತ್ತಿರ ನಿಂತಿದ್ದವರು ಚಪ್ಪಾಳೆ ತಟ್ಟಿದರು. ಮುಗಿಸಿದವರು ಮೂರೇ ಜನ, ಆದ್ದರಿಂದ ನಾನು ಮೂರನೆಯವನು. ಪ್ರಮಾಣಪತ್ರ ಕೊಡುವಾಗಲೂ ನನ್ನ ಚಡ್ಡಿಯ ಎರಡೂ ಜೇಬಿನಲ್ಲಿ ಕಡಲೆಕಾಯಿ ಇತ್ತು.

ಹುಡುಗಿಯ ಅಮ್ಮ ಈ ಸಲ ಗೋಡೆಯ ಕಡೆ ತಿರುಗದೆಯೇ ನಕ್ಕರು. ಅಪ್ಪ "ಅಯ್ಯೋ ಸಾರ್, ಸಾರ್" ಎಂದು ಹೊಟ್ಟೆ ಹಿಡಿದುಕೊಂಡರು. ಅಜ್ಜಿ ನಗಲಿಲ್ಲ. "ಅವ್ಳಿಗೆ ಹೇಳೀರ?" ಎಂದು ಮಾತ್ರ ಕೇಳಿದರು. ನಾನು ಇಲ್ಲ ಎಂದು ತಲೆಯಾಡಿಸಿ ಮತ್ತೆ ಹುಳುವಿಗೆ ಕೈ ಹಾಕಿದೆ.

ಮೂರು ಗಂಟೆಯ ಹೊತ್ತಿಗೆ ಟೆಂಪೊ ಸದ್ದು ಕೇಳಿತು. ಒಂದು ಮಂಚ ಹುಳು ಇನ್ನೂ ಬಾಕಿ ಇತ್ತು. ನಾನು ಎದ್ದು ಓಡಬೇಕೆಂದರೆ ಕಾಲು ಜೋಮು ಹಿಡಿದು, ಲುಂಗಿ ತೊಡರಿ, ಬಾಗಿಲ ಒಳಗಡೆಯೇ ಮುಗ್ಗರಿಸಿ ಕೂತೆ. ಹುಡುಗಿ ಅಂಗಳ ದಾಟಿ ಬಂದು ಸುಣ್ಣದ ಗೆರೆಯ ಆಚೆ ನಿಂತಳು. ಮಂಡಿ ತರಚಿತ್ತು. ಕೊರಳಲ್ಲಿ ನನ್ನ ವಿಷಲ್ಲು ನೇತಾಡುತ್ತಿತ್ತು. ಅಜ್ಜಿ ಗಾಳಿಯಲ್ಲೇ ಮೂಗು ಅರಳಿಸಿ, "ಥೂ, ಮತ್ತೆ ಮೆತ್ಕೊಂಡ್ ಬಂದವ್ಳೆ! ಅಲ್ಲೇ ನಿಂತ್ಕಳೇ!" ಎಂದು ಕೂಗಿದರು. ಓಟ ಮುಗಿದ ಮೇಲೆ ಅಲ್ಲಿ ಯಾರೋ ಪುಣ್ಯಾತ್ಮರು ಅವಳ ಕಾಲಿಗೆ ಮತ್ತೆ ಸ್ಪ್ರೇ ಹೊಡೆದಿದ್ದರು.

"ಏನಾಯ್ತಮ್ಮ?" ನಾನು ಕೂತಲ್ಲಿಂದಲೇ ಕೇಳಿದೆ.

"ಮೇಲ್ ಹತ್ತೋವಾಗ ಐದ್ನೇದು ಇದ್ದೆ ಸಾರ್. ಗೌರಿಬಿದನೂರಿನೋರು ಬಂಡೆ ಮೇಲೆ ಮೊಳೆ ಶೂ ಜಾರಿ ನಿಧಾನ ಆದ್ರು. ಇಳಿಯೋವಾಗ ಬಿದ್ದೆ, ಎದ್ದು ಓಡ್ದೆ." ಉಸಿರು ಎಳೆದುಕೊಂಡಳು. ಮುಖ ಅಗಲವಾಯಿತು. "ಮೂರ್ನೇದು ಸಾರ್! ನಿಮ್ ಥರಾನೇ, ಮೂರ್ನೇದು!"

ನನಗೆ ಅಷ್ಟು ಸಂತೋಷವೂ ಅಷ್ಟು ನಾಚಿಕೆಯೂ ಒಟ್ಟಿಗೆ ಎಂದೂ ಆಗಿರಲಿಲ್ಲ. ಕಣ್ಣು ತುಂಬಿ ಬಂತು, ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಹುಳುವಿನ ನೀರು. ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಅಪ್ಪ, ಅಮ್ಮ ಇಬ್ಬರೂ ತಲೆ ತಗ್ಗಿಸಿ ಹುಳು ಆರಿಸುತ್ತಿದ್ದರು. ಕಡಲೆಕಾಯಿ ಹೊಲದ ಮಾತು ಎತ್ತದೆ, ನನ್ನ ಮರ್ಯಾದೆ ನನಗೇ ಬಿಟ್ಟಿದ್ದರು.

"ನನ್ ಥರ ಅಲ್ಲ ಕಣಮ್ಮ," ಎಂದೆ. "ನಾನ್ ಓಡ್ದಾಗ ಮುಗಿಸಿದ್ದೇ ಮೂರ್ ಜನ. ಅದೂ ಹೊಲದೋನು ಕೋಲು ಹಿಡ್ಕೊಂಡು ಅಟ್ಟಿಸ್ಕೊಂಡ್ ಬಂದಿದ್ದಕ್ಕೆ. ನಂಗೆ ಓಡಕ್ಕೇ ಬರಲ್ಲ."

"ಗೊತ್ತು ಸಾರ್" ಅಂದಳು.

"ಏನ್ ಗೊತ್ತು?"

"ಮೊದಲ್ನೇ ದಿನ ನೀವು ಓಡಿ ತೋರ್ಸಿದ್ರಲ್ಲ. ಲೇಸಿಲ್ದಿರೋ ಶೂಗೆ ಲೇಸ್ ಕಟ್ಟಿದ್ರಲ್ಲ. ಎಲ್ರಿಗೂ ಗೊತ್ತು ಸಾರ್."

"ಮತ್ತೆ ಇಷ್ಟ್ ದಿನ ಯಾಕೆ ನನ್ ಮಾತು ಕೇಳ್ತಿದ್ದೆ?"

"ನಾನೆಲ್ಲಿ ಕೇಳ್ದೆ ಸಾರ್?" ಹುಡುಗಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. ಮಣ್ಣು ಮೆತ್ತಿದ ಮಂಡಿಯನ್ನು ಒಂದು ಸಲ ಒರೆಸಿಕೊಂಡಳು. "ಆದ್ರೆ ದಿನಾ ಬೆಳಿಗ್ಗೆ ನೀವು ಬಾಗ್ಲಿಗ್ ಬಂದು ಬೈಕ್ ಹಾರನ್ ಹೊಡೀತಿದ್ರಲ್ಲ. ಮೇಷ್ಟ್ರು ಬಂದವ್ರೆ ಅಂತ ಮನೇಲಿ ಬಿಡ್ತಿದ್ರು. ನೀವ್ ಬರ್ಲಿಲ್ಲ ಅಂದಿದ್ರೆ ಇನ್ನೊಂದ್ ಹೊರೆ ಸೊಪ್ಪು ಕೊಯ್ಯಕ್ಕೆ ಕಳಿಸ್ತಿದ್ರು."

 ಎರಡು ವರ್ಷ ನಾನು ಮಾಡಿದ್ದ ಒಂದೇ ಒಂದು ಉಪಯೋಗದ ಕೆಲಸ ಯಾವುದೆಂದು ನನಗೆ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಹಾರನ್ ಹೊಡೆದದ್ದು.

ಅವಳು ಮೆಲ್ಲಗೆ ಸುಣ್ಣದ ಗೆರೆಯ ಅಂಚಿನವರೆಗೆ ಬಂದು, ಕತ್ತು ಚಾಚಿ ಒಳಗೆ ಇಣುಕಿದಳು. ನನ್ನ ಪಕ್ಕದಲ್ಲಿದ್ದ ಚಂದ್ರಿಕೆ ಕಣ್ಣಿಗೆ ಬಿದ್ದೊಡನೆ ಅವಳು ಮುಖ ಸಿಂಡರಿಸಿದಳು.

"ಇದು ಯಾರ್ ತುಂಬಿದ್ದು?"

"ನಾನು."

"ಅಯ್ಯೋ ಸಾರ್! ಅರ್ಧಕ್ಕರ್ಧ ಕಾಯಿ ಹಾಕಿದೀರ. ಆ ಮೂಲೇಲಿರೋದ್ ತಗೀರಿ. ಅದಲ್ಲ, ಅದರ್ ಪಕ್ಕದ್ದು. ಹಾಂ. ಬೇಗ ಸಾರ್, ಇನ್ನೊಂದ್ ಮಂಚ ಐತೆ." ವಿಷಲ್ಲು ಬಾಯಿಗಿಟ್ಟು ಒಂದು ಸಲ ಜೋರಾಗಿ ಊದಿದಳು. ಗೊಂತಿನಲ್ಲಿದ್ದ ಹಸು ಬೆಚ್ಚಿ ತಲೆ ಎತ್ತಿತು. "ಕೈ ಆಡ್ಸಿ ಸಾರ್, ಕೈ!"

ನಾನು ಕೈ ಆಡಿಸಿದೆ.